ನಾಲ್ಕು ಅಂಕದ ಯುದ್ಧ

ಸಾಲಾಗಿ ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣೇ ಆದಾಗ ನಮ್ಮಜ್ಜಿ ನನಗೆ ಸಾಕಮ್ಮ ಎಂದು ಹೆಸರಿಟ್ಟಳಂತೆ. ಅಂದರೆ, ಇನ್ನು ಸಾಕು. ನಾನು ಮಾತ್ರ ಯಾವುದಕ್ಕೂ ಸಾಕು ಎಂದವಳಲ್ಲ. ಓದು ಸಾಕು ಎಂದರು, ಬಿ.ಎಡ್. ಮಾಡಿದೆ. ಮಾತು ಸಾಕು ಎಂದರು, ಮೇಡಂ ಆದೆ. ಮಲ್ಲಿಪಟ್ಟಣ, ಬಾಗೂರು, ಹೊಳೆನರಸೀಪುರ, ಕೊನೆಗೆ ಅರಕಲಗೂಡು ಎಂದು ಜಿಲ್ಲೆಯೊಳಗೇ ಬುಗುರಿಯ ಹಾಗೆ ಸುತ್ತಿ, ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟು, ಈಗ ನಿವೃತ್ತಿಯಾಗಿ ಹಾಸನದ ಮನೆಯಲ್ಲಿದ್ದೇನೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ ಎರಡು ವಿಷಯ ಕೇಳುತ್ತಾರೆ. ಒಂದು ವರ್ಗಾವಣೆ, ಇನ್ನೊಂದು ಬಡ್ತಿ. ಎರಡರಲ್ಲೂ ನಾನು ದಡ್ಡಿ. ಅವರಿಗೆ ಹೇಳಬಹುದಾದ್ದು ನನ್ನ ಹತ್ತಿರ ಇರುವುದು ಒಂದೇ ಒಂದು ಪಾಠದ ಕಥೆ. ವರ್ಷ ವರ್ಷವೂ ಹೇಳಿ, ವರ್ಷ ವರ್ಷವೂ ಹೊಸ ಪೇಚಿಗೆ ಸಿಕ್ಕಿಕೊಂಡ ಪಾಠ ಅದು. ಪುಸ್ತಕದಲ್ಲಿ ಅದರ ಹೆಸರು ಧರ್ಮಯುದ್ಧಗಳು. ಮಧ್ಯಯುಗದಲ್ಲಿ ಯುರೋಪಿನ ಕ್ರೈಸ್ತರು ಜೆರುಸಲೇಮಿನವರೆಗೂ ನಡೆದು ಹೋಗಿ ಮುಸ್ಲಿಮರ ಮೇಲೆ ಮಾಡಿದ ಯುದ್ಧಗಳು. ಪಾಠದ ಕೆಳಗೆ ಒಂದು ಪ್ರಶ್ನೆ: ಧರ್ಮಯುದ್ಧಗಳಿಗೆ ಕಾರಣಗಳೇನು? ನಾಲ್ಕು ಅಂಕ.

ಮೊದಲ ಪೇಚು ಮಲ್ಲಿಪಟ್ಟಣದಲ್ಲಿ. ಕೆಲಸಕ್ಕೆ ಸೇರಿ ಇನ್ನೂ ಮಳೆಗಾಲ ಕಳೆದಿರಲಿಲ್ಲ. ಶಾಲೆಯ ಭೂಪಟವನ್ನು ಇಲಿ ತಿಂದಿತ್ತು. ತಿಂದದ್ದು ಬೇರೆಲ್ಲೂ ಅಲ್ಲ, ಸರಿಯಾಗಿ ಯುರೋಪನ್ನು. ಯುದ್ಧಕ್ಕೆ ಹೊರಡುವವರಿಗೆ ಊರೇ ಇಲ್ಲ. ಹಾಗಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಯುರೋಪು, ಮೆಡಿಟರೇನಿಯನ್ ಸಮುದ್ರ, ಆಚೆಗೆ ಜೆರುಸಲೇಮು ಬರೆದು, ಮಕ್ಕಳನ್ನು ಸಮುದ್ರದ ಸುತ್ತ ಕೂರಿಸಿಕೊಂಡಿದ್ದೆ. ಅದೇ ಹೊತ್ತಿಗೆ ಹಾಸನದಿಂದ ವಿಷಯ ಪರಿವೀಕ್ಷಕರು ಬಂದರು. ಎಂದೂ ನಗದವರು ಎಂದು ಹೆಸರಾಗಿದ್ದ ಮನುಷ್ಯ. ಬಾಗಿಲಲ್ಲಿ ನಿಂತು ಸಮುದ್ರವನ್ನು ಒಮ್ಮೆ ನೋಡಿ, ಮುಂದೆ ಕೂತಿದ್ದ ಹುಡುಗಿಯನ್ನು ಎಬ್ಬಿಸಿದರು.

"ಯುರೋಪಿನ ಜನ ಅಷ್ಟು ದೂರ ಯಾಕಮ್ಮ ಹೋದರು?"

"ಅಲ್ಲಿಗೋಗಿ ಯುದ್ಧ ಮಾಡಿದ್ರೆ ಮಾಡಿದ್ ಪಾಪ ಎಲ್ಲಾ ಓಯ್ತದೆ ಅಂತ ಅವರ ದೊಡ್ ಗುರುಗಳು ಏಳಿದ್ರು ಸಾ."

"ಒಬ್ಬರು ಹೇಳಿದರು ಅಂತ ಅಷ್ಟೊಂದು ಜನ ಹೊರಟುಬಿಟ್ಟರಾ?"

ಹುಡುಗಿ ಸ್ವಲ್ಪ ಯೋಚಿಸಿದಳು. "ಪಾಪ ಅಷ್ಟೊಂದ್ ಇತ್ತೇನೋ ಸಾ."

ಪರಿವೀಕ್ಷಕರ ಮುಖ ಮೊದಲು ಕೆಂಪಾಯಿತು. ಆಮೇಲೆ ಹೊಟ್ಟೆ ಕುಣಿಯಿತು. ಕೊನೆಗೆ ಕನ್ನಡಕ ಜಾರಿ ನೇರ ಮೆಡಿಟರೇನಿಯನ್ನಿನಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳಲು ಮಂಡಿಯೂರಿದವರು ಎದ್ದಾಗ ಕಪ್ಪು ಪ್ಯಾಂಟಿನ ಎರಡು ಮಂಡಿಯ ಮೇಲೂ ಬಿಳಿ ಸಮುದ್ರ. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು, "ಆ ಉತ್ತರಕ್ಕೆ ಎಷ್ಟು ಕೊಡ್ತೀರಮ್ಮ?"

"ನಾಲ್ಕಕ್ಕೆ ಒಂದು ಸರ್. ಅವಳು ಹೇಳಿದ್ದು ಒಂದೇ ಕಾರಣ."

"ನಾನಾಗಿದ್ದರೆ ನಾಲ್ಕೂ ಕೊಟ್ಟು ಊಟಕ್ಕೆ ಹೋಗ್ತಿದ್ದೆ," ಎಂದು ಮಂಡಿ ಕೊಡವಿಕೊಳ್ಳುತ್ತಾ ಜೀಪು ಹತ್ತಿದರು.

ಉಳಿದ ಕಾರಣಗಳು ಯಾವುವು ಎಂದು ಕೇಳುವಿರಿ. ಆಗ ನಾವೆಲ್ಲ ಬಾಯಿಪಾಠ ಮಾಡಿಸುತ್ತಿದ್ದದ್ದು ಹೀಗೆ. ಜೆರುಸಲೇಮು ಕ್ರೈಸ್ತರು, ಮುಸ್ಲಿಮರು ಇಬ್ಬರಿಗೂ ಪವಿತ್ರ. ಅಲ್ಲಿಗೆ ಹೋಗುವ ಕ್ರೈಸ್ತ ಯಾತ್ರಿಕರಿಗೆ ತುರ್ಕರಿಂದ ತೊಂದರೆಯಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ತುರ್ಕರಿಗೆ ಸೋತಿದ್ದ ಬೈಜಾಂಟಿಯಂನ ಕ್ರೈಸ್ತ ಚಕ್ರವರ್ತಿ ಪೋಪರ ಸಹಾಯ ಕೇಳಿದ, ಪೋಪರು ಹೋದವರಿಗೆ ಪಾಪವಿಲ್ಲ ಎಂದರು. ಭೂಮಿಯಿಲ್ಲದ ಸರದಾರರಿಗೆ ಭೂಮಿಯ ಆಸೆ, ವರ್ತಕರಿಗೆ ವ್ಯಾಪಾರದ ಆಸೆ. ಮುಗಿಯಿತು. ನಾಲ್ಕಕ್ಕೆ ನಾಲ್ಕು.

ಬಾಗೂರಿಗೆ ವರ್ಗವಾದಾಗ ಅಲ್ಲಿನ ಮುಖ್ಯೋಪಾಧ್ಯಾಯರು ರಂಗೇಗೌಡರು. ಅವರಿಗೆ ಪ್ರಪಂಚವೆಲ್ಲ ಪಾಯಿಂಟುಗಳಲ್ಲಿ ಕಾಣುತ್ತಿತ್ತು. "ಸಾಕಮ್ಮನೋರೇ, ಪಾಯಿಂಟ್ ಒಂದು, ಟೀ ತಣ್ಣಗಾಗಿದೆ. ಪಾಯಿಂಟ್ ಎರಡು, ಸಕ್ಕರೆ ಇಲ್ಲ. ಪಾಯಿಂಟ್ ಮೂರು, ಆದರೂ ಕುಡೀಬೇಕು." ಒಳ್ಳೆಯ ಮನುಷ್ಯ. ಹೆದರಿಕೆ ಮಾತ್ರ ಜಾಸ್ತಿ. ಯಾರಾದರೂ ಗೇಟಿನ ಹತ್ತಿರ ಬೈಕ್ ನಿಲ್ಲಿಸಿದರೆ ಸಾಕು, ಮೇಲಿನವರು ಬಂದರು ಎಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

ಆ ವರ್ಷದ ಒಂಬತ್ತನೆಯ ತರಗತಿಯಲ್ಲಿ ಲೋಕೇಶ, ರಫೀಕ್ ಎಂಬ ಇಬ್ಬರು ಹುಡುಗರಿದ್ದರು. ಲೋಕೇಶನ ತಂದೆ ಜವರೇಗೌಡರದು ತೆಂಗಿನ ತೋಟ. ರಫೀಕನ ತಂದೆ ಅಬ್ದುಲ್ ಸಾಬರದು ಬಸ್ ನಿಲ್ಲುವ ಕಡೆ ವೆಲ್ಡಿಂಗ್ ಅಂಗಡಿ. ಹುಡುಗರಿಬ್ಬರೂ ಒಂದನೇ ತರಗತಿಯಿಂದ ಒಂದೇ ಬೆಂಚು. ಒಬ್ಬನಿಗೆ ಬೈದರೆ ಇನ್ನೊಬ್ಬ ತಲೆ ತಗ್ಗಿಸುತ್ತಿದ್ದ. ಅದೇ ತರಗತಿಯಲ್ಲಿ ಸುಮಿತ್ರ ಎಂಬ ಹುಡುಗಿ. ಅವಳ ತಾಯಿ ಕೂಲಿಗೆ ಹೋಗುತ್ತಿದ್ದರು. ಸುಮಿತ್ರ ಕೈ ಎತ್ತಿದಳೆಂದರೆ ನಾನು ಮೇಜು ಹಿಡಿದುಕೊಳ್ಳುತ್ತಿದ್ದೆ.

ಧರ್ಮಯುದ್ಧದ ಪಾಠದ ದಿನ ಅವಳು ಕೈ ಎತ್ತಿದಳು. ಆ ಬೇಸಿಗೆಯಷ್ಟೇ ಹಾಸನದಲ್ಲಿ ನಡೆದ ತರಬೇತಿಯಲ್ಲಿ ಕಾಲೇಜಿನ ಅಧ್ಯಾಪಕರೊಬ್ಬರು ಒಂದು ಹೊಸ ವಿಷಯ ಹೇಳಿದ್ದರು. ಹಾಗೆ ಹೊರಟವರಲ್ಲಿ ಬಹಳ ಜನ ಇದ್ದ ಭೂಮಿಯನ್ನೇ ಮಾರಿಯೋ ಅಡವಿಟ್ಟೋ ಹೋಗಿದ್ದರು, ಬದುಕಿದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಮನೆಗೆ ಬಂದರು ಎಂದು. ಅದನ್ನೂ ಪಾಠಕ್ಕೆ ಸೇರಿಸಿದ್ದೆ.

"ಮೇಡಂ, ನಾಕ್ನೇ ಪಾಯಿಂಟಲ್ಲಿ ಭೂಮಿ ಆಸೆಗೆ ಓದ್ರು ಅಂದ್ರಿ. ಈಗ ಒಲ ಮಾರಿ ಓದ್ರು ಅಂತೀರಿ. ಒಲದ ಆಸೆ ಇದ್ದೋನು ಒಲ ಮಾರ್ತಾನಾ?"

"ಕೆಲವರಿಗೆ ಆಸೆ, ಕೆಲವರಿಗೆ ಭಕ್ತಿ," ಎಂದೆ. "ಬಹಳ ಜನಕ್ಕೆ ಎರಡೂ ಕಲಸಿಕೊಂಡಿತ್ತು. ರಾಗಿ ಮುದ್ದೆಯಲ್ಲಿ ಹಿಟ್ಟು ಯಾವುದು, ನೀರು ಯಾವುದು ಅಂತ ತೆಗೆದು ತೋರಿಸೋಕಾಗುತ್ತಾ?"

ಸುಮಿತ್ರ ಕೂತಳು. ನಾನು ಹಿಗ್ಗಿನಲ್ಲಿ ಮುಂದಕ್ಕೆ ಹೋದೆ. ಆ ಕಡೆಯ ಮುಸ್ಲಿಂ ದೊರೆಗಳಾದ ಅಮೀರರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದದ್ದು, ಬಂದವರು ಬೈಜಾಂಟಿಯಂ ಚಕ್ರವರ್ತಿಯ ಬಾಡಿಗೆ ಸೈನ್ಯವಿರಬೇಕು ಎಂದುಕೊಂಡದ್ದು, ಜೆರುಸಲೇಮು ಕೈಬಿಟ್ಟು ಹೋದ ಮೇಲೆ ನಿಧಾನವಾಗಿ ಅವರಿಗೂ ಇದು ಧರ್ಮದ ಯುದ್ಧವಾದದ್ದು, ಕ್ರೈಸ್ತರು ಊರು ಗೆದ್ದ ದಿನ ಒಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದದ್ದು, ಮುಂದೆ ಸುಲ್ತಾನ ಸೆರೆಸಿಕ್ಕ ಸರದಾರರನ್ನು ಕೊಲ್ಲಿಸಿದ್ದು, ಎಲ್ಲವನ್ನೂ ಹೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಒಳ್ಳೆಯ ಪಾಠ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಹೋದೆ.

ಮಾರನೆಯ ದಿನ ಬಂದು ನೋಡಿದರೆ ರಫೀಕ್ ಹಿಂದಿನ ಬೆಂಚಿನ ಮೂಲೆಯಲ್ಲಿ ಒಬ್ಬನೇ ಕೂತಿದ್ದಾನೆ. ಲೋಕೇಶ ಎಂದಿನ ಎರಡನೇ ಬೆಂಚಿನಲ್ಲಿ, ಪಕ್ಕದಲ್ಲಿ ಖಾಲಿ ಜಾಗ.

"ಏನಾಯ್ತ್ರೋ?" ಎಂದೆ. ಸುಮಿತ್ರಳೇ ಎದ್ದಳು.

"ನೆನ್ನೆ ಆಟಕ್ ಬಿಟ್ಟಾಗ ಎರಡು ಪಾರ್ಟಿ ಮಾಡ್ಕೊಂಡ್ರು ಮೇಡಂ. ರಫೀಕಂಗೆ, ನಿಮ್ಮೋರು ನಮ್ಮೋರ್ನ ಕೊಂದ್ರು ಅಂತ ಅಂದ್ರು. ಲೋಕೇಶ ಸುಮ್ಕಿದ್ದ."

ನಮ್ಮೋರು ಎಂದರೆ ಯಾರು? ಫ್ರಾನ್ಸಿನ ಸರದಾರರು. ಆ ತರಗತಿಯಲ್ಲಿ ಹೆಸರಿಗೆ ಒಬ್ಬ ಕ್ರೈಸ್ತ ಹುಡುಗನೂ ಇರಲಿಲ್ಲ. ನಗು ಬಂತು, ಆದರೆ ನಗುವ ವಿಷಯವಾಗಿರಲಿಲ್ಲ. ಯಾವ ಕಾಲದ್ದೋ, ಯಾವ ಸೀಮೆಯದೋ ಯುದ್ಧ ಬಾಗೂರಿನ ಎರಡನೇ ಬೆಂಚಿಗೆ ಬಂದು ಕೂತಿತ್ತು. ಅದನ್ನು ಕರೆತಂದವಳು ನಾನು.

ಹಿಂದಿನಿಂದ ಒಬ್ಬ ಕೇಳಿದ, "ಮೇಡಂ, ನೀವ್ ಯಾವ್ ಪಾರ್ಟಿ?"

ನಮ್ಮ ಮನೆಯಲ್ಲಿ ಅಪ್ಪನ ಕಾಲಕ್ಕೇ ಬುದ್ಧನ ಫೋಟೋ ಬಂದಿತ್ತು. ಅದು ಮಕ್ಕಳಿಗೂ ಗೊತ್ತು. "ನಾನು ಬುದ್ಧನ ಕಡೆ ಕಣಪ್ಪ," ಎಂದೆ.

"ಅಂಗಾರೆ ನೀವು ಅಂಪೈರು," ಎಂದು ತೀರ್ಪು ಕೊಟ್ಟ. ಅಂಪೈರು ಸುಮ್ಮನೆ ನಿಲ್ಲುವ ಹಾಗಿಲ್ಲವಲ್ಲ. ಚನ್ನರಾಯಪಟ್ಟಣದಲ್ಲಿ ತಾಲ್ಲೂಕು ಮಟ್ಟದ ಮಕ್ಕಳ ನಾಟಕ ಸ್ಪರ್ಧೆ ಹತ್ತಿರವಿತ್ತು. ಅಲ್ಲೇ ನಿಂತು ಹೇಳಿದೆ, "ಇದನ್ನೇ ನಾಟಕ ಮಾಡೋಣ. ಲೋಕೇಶ ಸುಲ್ತಾನ. ರಫೀಕ್ ಇಂಗ್ಲೆಂಡಿನ ರಾಜ." ತರಗತಿ ಮೊದಲು ಬಾಯಿ ಬಿಟ್ಟಿತು, ಆಮೇಲೆ ಬೆಂಚು ಕುಟ್ಟಿತು. ಇವರಿಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸುದ್ದಿ ಬಾಗೂರಿನಲ್ಲಿ ನನಗಿಂತ ಮೊದಲು ಮನೆ ಸೇರಿತು. ಮಾರನೆಯ ಬೆಳಿಗ್ಗೆ ಎರಡು ಬೈಕು ಗೇಟಿನ ಹತ್ತಿರ ನಿಂತವು. ರಂಗೇಗೌಡರು ಗುಂಡಿ ಹಾಕಿಕೊಂಡರು. ಒಂದರಿಂದ ಜವರೇಗೌಡರು, ಇನ್ನೊಂದರಿಂದ ಅಬ್ದುಲ್ ಸಾಬರು ಇಳಿದು, ಒಬ್ಬರಿಗೊಬ್ಬರು ನಮಸ್ಕಾರ ಮಾಡದೆ ಒಳಗೆ ಬಂದರು.

"ನಮ್ಮುಡ್ಗುಂಗೆ ಗಡ್ಡ ಅಂಟ್ಸಿ ಸುಲ್ತಾನ್ ಮಾಡ್ತೀರಂತೆ," ಎಂದರು ಜವರೇಗೌಡರು. "ಊರೋರು ಆಡ್ಕೊಳಾಕಿಲ್ವಾ ಮೇಡಂ?"

"ನಮ್ಮ ಹುಡುಗ ಕ್ರಾಸ್ ಹಾಕ್ಕೊಂಡು ನಮ್ಮೋರ ಮೇಲೇ ದಂಡೆತ್ತಿ ಬರ್ತಾನಂತೆ," ಎಂದರು ಅಬ್ದುಲ್ ಸಾಬರು. "ಇದೇನ್ ಮೇಡಂ, ನ್ಯಾಯಾನಾ?"

ರಂಗೇಗೌಡರು ಬೆವರಿದರು. "ಪಾಯಿಂಟ್ ಒಂದು, ನಾಟಕ ಬೇಡ. ಪಾಯಿಂಟ್ ಎರಡು..." ಎಂದವರು ಎರಡನೆಯದು ಸಿಗದೆ ನಿಂತರು. ಅವರ ಸೇವೆಯಲ್ಲಿ ಅದು ಮೊದಲ ಸಲ.

ನಾನು ಬೆಂಚಿನ ವಿಷಯ ಹೇಳಿದೆ. ಬೇರೇನೂ ಹೇಳಲಿಲ್ಲ. ನಿಮ್ಮ ಮಕ್ಕಳು ಈಗ ಬೇರೆ ಬೇರೆ ಕೂರುತ್ತಾರೆ, ಯಾಕೆಂದರೆ ಹೀಗೆ ಎಂದೆ. ಇಬ್ಬರಿಗೂ ಗೊತ್ತಿರಲಿಲ್ಲ. ಜವರೇಗೌಡರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಅಬ್ದುಲ್ ಸಾಬರು ಕೇಳಿದರು, "ನಾಟಕದಲ್ಲಿ ಕೊನೇಗೆ ಗೆಲ್ಲೋದ್ಯಾರು?"

"ಯಾರೂ ಇಲ್ಲ. ಇಬ್ಬರೂ ಸುಸ್ತಾಗ್ತಾರೆ. ರಾಜನಿಗೆ ಜ್ವರ ಬರುತ್ತೆ. ಸುಲ್ತಾನ ಅವನಿಗೆ ಹಣ್ಣು, ಬೆಟ್ಟದ ಮಂಜು ಕಳಿಸ್ತಾನೆ. ಆಮೇಲೆ ಒಪ್ಪಂದ ಆಗುತ್ತೆ."

"ಜ್ವರ ಬಂದೋನ್ಗೆ ಮಂಜಾ?" ಎಂದರು ಜವರೇಗೌಡರು, ನಿಜವಾದ ಗಾಬರಿಯಿಂದ. "ಯಾವ್ ಸೀಮೆ ಸುಲ್ತಾನ ಮೇಡಂ ಅವ್ನು. ಎಳ್ನೀರ್ ಕಳ್ಸಕ್ ಏಳಿ. ಬೇಕಾದ್ರೆ ನಮ್ ತ್ವಾಟದ್ದು ನಾನೇ ಕೊಡ್ತೀನಿ."

ಮೊದಲು ನಕ್ಕವರು ಅಬ್ದುಲ್ ಸಾಬರು. ಅವರ ಹಿಂದೆ ಕೋಣೆಯೆಲ್ಲ ನಕ್ಕಿತು. ಆ ವಾರವೇ ಅವರು ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಚು ಮಡಚಿ, ಎರಡೂ ಸೈನ್ಯಕ್ಕೆ ಕತ್ತಿ ಮಾಡಿಕೊಟ್ಟರು. "ಎರಡೂ ಕಡೆಗೆ ಆಯುಧ ಸಪ್ಲೈ ಮಾಡೋದು ತಪ್ಪಲ್ವಾ ಮೇಡಂ?" ಎಂದು ಕೇಳಿದರು. "ಆ ಕಾಲದ ಇಟಲಿಯ ವರ್ತಕರೂ ಅದನ್ನೇ ಮಾಡಿದ್ದು," ಎಂದೆ. ಅದನ್ನು ಅವರು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡರು.

ಸ್ಪರ್ಧೆಯ ದಿನ ಸರ್ಕಾರಿ ಬಸ್ಸಿನಲ್ಲಿ ಹೊರಟೆವು. ಸುಲ್ತಾನನಿಗೆ ತೆಂಗಿನ ನಾರಿನ ಗಡ್ಡ, ರಾಜನಿಗೆ ರಟ್ಟಿನ ಕಿರೀಟ, ಸೈನಿಕರಿಗೆ ಹಿಟ್ಟಿನ ಚೀಲದ ಅಂಗಿ. ಜೊತೆಗೆ ನಮ್ಮದೇ ಶಾಲೆಯ ಹುಡುಗಿಯರ ಕೋಲಾಟದ ತಂಡ. ರಂಗೇಗೌಡರು ಮುಂದಿನ ಸೀಟಿನಲ್ಲಿ ತಮಗೂ ಈ ದಂಡಿಗೂ ಸಂಬಂಧವಿಲ್ಲದವರಂತೆ ಪೇಪರು ಹಿಡಿದು ಕೂತರು. ಕಂಡಕ್ಟರ್ ಕತ್ತಿಗಳ ಕಟ್ಟು ನೋಡಿ, "ಇದ್ಕೆ ಲಗೇಜ್ ಆಕ್ಲಾ ಮೇಡಂ?" ಎಂದ. ಹಿಂದೆ ಕೂತಿದ್ದ ಮುದುಕಿ ಲೋಕೇಶನ ಗಡ್ಡ ಹಿಡಿದು ಎಳೆದು ನೋಡಿದಳು.

"ಎಲ್ಲಿಗ್ ಕಣ್ಲಾ ಒಂಟದೆ ಈ ದಂಡು?"

"ಜೆರುಸಲೇಮಿಗೆ ಕಣಜ್ಜಿ."

"ಅಂಗಾರೆ ಚನ್ರಾಯ್‌ಪಟ್ಣದಲ್ಲಿ ಇಳ್ದು ಬೇರೆ ಬಸ್ ಇಡೀಬೇಕು," ಎಂದಳು ಮುದುಕಿ ಗಂಭೀರವಾಗಿ.

ರಫೀಕ್ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡದ್ದನ್ನು ನೋಡಿದೆ. ಲೋಕೇಶನೂ ನೋಡಿದ. ಆದರೂ ಮಾತಿಲ್ಲ. ನಾಟಕದ ಮಾತು ಬಿಟ್ಟರೆ ಅವರು ಒಂದು ಮಾತೂ ಆಡಿರಲಿಲ್ಲ. ತಾಲೀಮಿನಲ್ಲೂ ಕತ್ತಿ ಹಿರಿದಾಗ ಮಾತ್ರ ಎದುರುಬದುರು.

ಚನ್ನರಾಯಪಟ್ಟಣದ ಶಾಲೆಯಲ್ಲಿ ನಮ್ಮ ಸರದಿ ಊಟದ ನಂತರ ಎಂದರು. ಊಟಕ್ಕೂ ಸಾಲು. ಮೊದಲು ಹುಡುಗಿಯರು. ಬಿಸಿಬೇಳೆಬಾತಿನ ವಾಸನೆ ಮೈದಾನದ ತುಂಬ. ಬೆಳಿಗ್ಗೆಯಿಂದ ಬರಿಹೊಟ್ಟೆಯಲ್ಲಿದ್ದ ಎರಡೂ ಸೈನ್ಯಗಳು ಮೊಟ್ಟಮೊದಲ ಬಾರಿಗೆ ಒಂದಾಗಿ, ಕತ್ತಿ ಹಿಡಿದು, ಸಾಲಿನ ಮೇಲೆ ನುಗ್ಗಿದವು. ಸಾಲಿನಲ್ಲಿ ನಿಂತಿದ್ದವರು ಯಾರು ಎಂದು ಯಾರೂ ನೋಡಲಿಲ್ಲ. ಅದು ಬಾಗೂರಿನದೇ ಕೋಲಾಟದ ತಂಡ.

ಕೋಲಾಟದ ಹುಡುಗಿಯರ ಕೈಯಲ್ಲಿ ಕೋಲಿತ್ತು ಎಂದು ಬೇರೆ ಹೇಳಬೇಕಿಲ್ಲ. ಹುಡುಗಿಯರು ಲಯ ತಪ್ಪದೆ ಹೊಡೆದರು. ಅಬ್ದುಲ್ ಸಾಬರ ಕತ್ತಿಗಳು ಒಂದೊಂದಾಗಿ ಬಾಗಿ ಕುಡುಗೋಲಾದವು. ಸೈನ್ಯ ನೀರಿನ ಟ್ಯಾಂಕಿನ ಹಿಂದಕ್ಕೆ ಓಡಿತು. ನಾನೂ ರಂಗೇಗೌಡರೂ ಓಡಿ ಬರುವ ಹೊತ್ತಿಗೆ ಯುದ್ಧ ಮುಗಿದಿತ್ತು.

ಸುಮಿತ್ರ ನಾಟಕದಲ್ಲಿ ಜೆರುಸಲೇಮಿನ ಹೆಂಗಸು. ಕೊಡ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಹೇಳಿದಳು, "ಮೇಡಂ, ಅವತ್ತು ನೀವು ಏಳಿದ್ರಲ್ಲ, ಜೆರುಸಲೇಮಿಗೆ ಅಂತ ಒಂಟೋರು ಮದ್ಯದಲ್ಲಿ ತಮ್ಮೋರದ್ದೇ ಕಾನ್‌ಸ್ಟಾಂಟಿನೋಪಲ್ ಕೊಳ್ಳೆ ಒಡುದ್ರು ಅಂತ. ಅದೆಂಗೆ ಸಾದ್ಯ, ಮೇಡಂ ಸುಳ್ ಏಳ್ತಾವ್ರೆ ಅಂದ್ಕೊಂಡಿದ್ದೆ."

ನಗಬಾರದು ಎಂದು ಬಹಳ ಪ್ರಯತ್ನ ಪಟ್ಟೆ. ಆಗಲಿಲ್ಲ. ಶಿಸ್ತಿನ ಬಗ್ಗೆ ಮಾತಾಡಬೇಕಾಗಿದ್ದ ಹೊತ್ತಿನಲ್ಲಿ ಮೇಡಂ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಟ್ಯಾಂಕಿನ ಹಿಂದೆ ಲೋಕೇಶನ ಹಣೆಯಲ್ಲಿ ಸಣ್ಣ ಬುಗುಟು ಬಂದಿತ್ತು. ರಫೀಕ್ ಅದಕ್ಕೆ ತನ್ನ ರಾಜನ ಶಾಲು ಒದ್ದೆ ಮಾಡಿ ಒತ್ತುತ್ತಿದ್ದ. "ಜಾಸ್ತಿ ಒತ್ಬ್ಯಾಡ ಕಣ್ಲಾ," ಎಂದ ಲೋಕೇಶ. ಅದು ಎಷ್ಟೋ ದಿನಕ್ಕೆ ಅವರ ನಡುವಿನ ಮೊದಲ ಸ್ವಂತ ಮಾತು. ನಾನು ಅತ್ತ ನೋಡದವಳಂತೆ ಸರಿದು ಬಂದೆ.

ನಾಟಕ ಶುರುವಾಯಿತು. ಜವರೇಗೌಡರೂ ಅಬ್ದುಲ್ ಸಾಬರೂ ಒಂದೇ ಬೈಕಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಾಗಿದ ಕತ್ತಿಗಳಲ್ಲೇ ಯುದ್ಧ. ಸುಮಿತ್ರ ಎರಡೂ ಸೈನ್ಯದ ನಡುವೆ ಕೊಡ ಹಿಡಿದು, "ನೀರು ಬೇಕಾ?" ಎಂದು ಕೇಳುತ್ತಾ ಓಡಾಡಿದಳು. ಅವಳ ಪಾತ್ರಕ್ಕೆ ಇದ್ದದ್ದು ಅದೊಂದೇ ಮಾತು. ನಾರಿನ ಗಡ್ಡ ತುರಿಸಿ ಸುಲ್ತಾನ ರೋಷದ ಮಾತಿನ ಮಧ್ಯೆ ಸೀನಿದ. ಇಂಗ್ಲೆಂಡಿನ ರಾಜ ಅಭ್ಯಾಸ ಬಲದಿಂದ "ನೂರು ವರ್ಷ" ಎಂದ. ಜನ ಚಪ್ಪಾಳೆ ತಟ್ಟಿದರು. ಕೊನೆಯ ದೃಶ್ಯ ಬಂತು. ರಾಜ ಜ್ವರದಲ್ಲಿ ಮಲಗಿದ. ಸುಲ್ತಾನ ತಾನೇ ಎಳನೀರು ಹಿಡಿದು ಬಂದ.

ಎಳನೀರನ್ನು ಕೊಚ್ಚಿ ತರಲು ಎಲ್ಲರೂ ಮರೆತಿದ್ದೆವು.

ಸುಲ್ತಾನ ಕತ್ತಿಯಿಂದ ಹೊಡೆದ. ಕತ್ತಿ ಇನ್ನಷ್ಟು ಬಾಗಿತು. ನೆಲಕ್ಕೆ ಕುಟ್ಟಿದ. ಎಳನೀರು ಉರುಳಿ ಹೋಯಿತು. ಜ್ವರ ಬಂದಿದ್ದ ರಾಜ ಎದ್ದು ಓಡಿ ಹಿಡಿದು ತಂದ. ಇಬ್ಬರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮಾತಾಡತೊಡಗಿದರು, ನಾಟಕದ್ದಲ್ಲದ ಮಾತು.

"ತೊಟ್ಟಿನ್ ಕಡಿಂದ ಒಡಿ ಕಣ್ಲಾ."

"ನೀನ್ ಇಡ್ಕೊ, ನಾನ್ ಒಡೀತೀನಿ."

ನೋಡುತ್ತಿದ್ದವರು ಚನ್ನರಾಯಪಟ್ಟಣದವರು. ತೆಂಗಿನ ವಿಷಯದಲ್ಲಿ ಸುಮ್ಮನಿರುವ ಜನವೇ ಅದು? ಮೂಲೆ ಮೂಲೆಯಿಂದ ಸಲಹೆ ಬಂತು. ಕೊನೆಗೆ ಸಹಿಸಲಾರದೆ ಜವರೇಗೌಡರು ಗೇಟಿನ ಹತ್ತಿರದ ಎಳನೀರಿನವನಿಂದ ಮಚ್ಚು ತಂದು, ಪಂಚೆ ಎತ್ತಿ ಕಟ್ಟಿ, ನೇರ ರಣರಂಗಕ್ಕೆ ಹತ್ತಿದರು. ಮೂರು ಏಟಿಗೆ ಬಾಯಿ ತೆರೆದು ರಾಜನ ಕೈಗಿಟ್ಟು, "ಕುಡಿಯಪ್ಪ, ಜ್ವರ ಇಳೀತದೆ," ಎಂದು ಇಳಿದು ಹೋದರು. ರಾಜ ಅರ್ಧ ಕುಡಿದು ಸುಲ್ತಾನನಿಗೆ ಕೊಟ್ಟ. ತೀರ್ಪುಗಾರರು ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಇಬ್ಬರೂ ಇಳಿಯಲಿಲ್ಲ, ಬುರುಡೆಯೊಳಗಿನ ಗಂಜಿ ಇನ್ನೂ ತಿಂದಿರಲಿಲ್ಲವಲ್ಲ.

ನಾಟಕವಾದ ಮೇಲೆ ತೀರ್ಪುಗಾರರು ಪ್ರತಿ ತಂಡಕ್ಕೆ ಒಂದು ಪ್ರಶ್ನೆ ಕೇಳುವ ಪದ್ಧತಿಯಿತ್ತು. ಅವರಲ್ಲಿ ಹಿರಿಯರೊಬ್ಬರು ಕೇಳಿದರು, "ನೀವಿಬ್ಬರೂ ಯಾಕಪ್ಪ ಯುದ್ಧ ಮಾಡಿದಿರಿ?"

ಸುಲ್ತಾನ ಎದೆ ಸೆಟೆಸಿದ. "ಇವ್ರು ನಮ್ಮೂರ್ ಮೇಲೆ ಬಂದು ನಮ್ಮೋರ್ನ ಕೊಂದ್ರು ಸಾ. ಸುಮ್ನೆ ಇರಕ್ಕಾಯ್ತದಾ?"

ರಾಜ ಕಿರೀಟ ಸರಿಮಾಡಿಕೊಂಡ. "ನಮ್ಮ ದೇವ್ರ ಊರು ಸಾ ಅದು. ದೇವ್ರೇ ಕರೀತಾವ್ರೆ ಅಂತ ಗುರುಗಳು ಏಳಿದ್ರು. ಒಲ ಮನೆ ಮಾರ್ಕೊಂಡ್ ಬಂದೀವಿ."

"ಇಬ್ಬರಲ್ಲಿ ಯಾರದ್ದು ಸರಿ?"

ಇಬ್ಬರೂ ನನ್ನ ಕಡೆ ನೋಡಿದರು. ಒಂದು ತಪ್ಪು ಮಾತು ಬಂದರೆ ಆ ಬೆಂಚು ಮತ್ತೆ ಖಾಲಿಯಾಗುತ್ತದೆ, ಮುಂದೆ ಕೂತ ಇಬ್ಬರು ತಂದೆಯರೂ ಬೇರೆ ಬೇರೆ ಬೈಕು ಹತ್ತುತ್ತಾರೆ. ರಂಗೇಗೌಡರು ಕಣ್ಣು ಮುಚ್ಚಿಕೊಂಡಿದ್ದರು. ಆಗ ಸುಮಿತ್ರ ಕೊಡ ಕೆಳಗಿಟ್ಟು ಕೈ ಎತ್ತಿದಳು.

"ಇಬ್ರೂ ಸುಳ್ ಏಳ್ತಿಲ್ಲ ಸಾ. ಇಬ್ರಿಗೂ ತಾವ್ ಏಳೋದೇ ದಿಟ ಅಂತ ಗಟ್ಟಿಯಾಗ್ ಗೊತ್ತು. ಅದುಕ್ಕೇ ಅಷ್ಟ್ ವರ್ಷ ಇಡೀತು."

ಆ ಹಿರಿಯರು ಪೆನ್ನು ಕೆಳಗಿಟ್ಟು, ಪಕ್ಕದವರ ಕಡೆ ಒಮ್ಮೆ ನೋಡಿ, "ಕೂತ್ಕೊಳಮ್ಮ," ಎಂದರು. ನಿಂತಿದ್ದ ವೇದಿಕೆಯ ಮೇಲೇ ಕೂತುಬಿಟ್ಟಳು.

ನಮಗೆ ಬಹುಮಾನ ಬರಲಿಲ್ಲ. ಸಮಯ ಮೀರಿದ್ದು ಒಂದು, ಪಾತ್ರವಲ್ಲದ ವ್ಯಕ್ತಿ ಮಚ್ಚು ಹಿಡಿದು ವೇದಿಕೆ ಹತ್ತಿದ್ದು ಎರಡು, ಎಂದು ರಂಗೇಗೌಡರು ಬಸ್ಸಿನಲ್ಲಿ ವಿವರಿಸಿದರು. "ಪಾಯಿಂಟ್ ಮೂರು," ಎಂದು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದ ರಾಜ ಮತ್ತು ಸುಲ್ತಾನನನ್ನು ತೋರಿಸಿ, "ಅದಕ್ಕೆ ಪ್ರೈಜ್ ಇಲ್ವಲ್ಲ ಸಾಕಮ್ಮನೋರೇ," ಎಂದರು.

ಅಲ್ಲಿಂದ ಮುಂದೆ ನನ್ನ ಪಾಠದ ರೀತಿ ಬದಲಾಯಿತು. ಕಾರಣಗಳನ್ನು ಬರೆಸುವ ಮೊದಲು ಮಕ್ಕಳನ್ನು ಯಾತ್ರಿಕ, ಪೋಪ್, ಅಮೀರ, ವರ್ತಕ, ಆ ಊರಿನ ಹೆಂಗಸು ಎಂದು ಕೂರಿಸಿ ಮಾತಾಡಿಸುತ್ತಿದ್ದೆ. ಯಾರಿಗೂ ಅವರವರ ಮನೆಯ ಧರ್ಮದ ಪಾತ್ರ ಕೊಡುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಪ್ರೊಜೆಕ್ಟರ್ ಬಂತು. ಗೋಡೆಯ ಮೇಲೆ ಕುದುರೆಗಳು ಓಡಿದವು, ಮಕ್ಕಳು ಬಾಯಿ ತೆರೆದು ನೋಡಿದರು. ಸೈನ್ಯ ಜೆರುಸಲೇಮಿನ ಬಾಗಿಲಿಗೆ ಬಂದು ನಿಂತ ಗಳಿಗೆಗೆ ಕರೆಂಟ್ ಹೋಯಿತು. ಕತ್ತಲಲ್ಲಿ ಒಬ್ಬ ಹುಡುಗ, "ಸದ್ಯ, ಊರೋರ್ ಬದುಕ್ಕಂಡ್ರು," ಎಂದ. ಅದಕ್ಕಿಂತ ಒಳ್ಳೆಯ ಪಾಠವನ್ನು ಆ ಯಂತ್ರ ಮಾಡಲಿಲ್ಲ.

ಅರಕಲಗೂಡಿನಲ್ಲಿ ನನ್ನ ಕೊನೆಯ ದಿನ. ಶಾಲು, ಹಣ್ಣಿನ ಬುಟ್ಟಿ, ಭಾಷಣ. ಇವತ್ತು ಕ್ಲಾಸ್ ಬೇಡ ಬಿಡಿ ಮೇಡಂ ಎಂದರು. ಸಾಕು ಅನ್ನುವುದು ನನ್ನ ಜಾಯಮಾನವಲ್ಲ. ಶಾಲು ಹೊದ್ದುಕೊಂಡೇ ಒಂಬತ್ತನೇ ತರಗತಿಗೆ ಹೋದೆ. ಅದೃಷ್ಟಕ್ಕೆ ಅದೇ ಪಾಠ. ಪಾತ್ರ ಹಂಚಿದೆ, ಜಗಳವಾಡಿಸಿದೆ, ನಗಿಸಿದೆ. ಗಂಟೆಗೆ ಸ್ವಲ್ಪ ಮೊದಲು ಒಬ್ಬಳು ಕೇಳಿದಳು.

"ಮೇಡಂ, ಇಷ್ಟ್ ವರ್ಷ ಪಾಠ ಮಾಡಿದೀರ. ನಿಮ್ಗೆ ಕೊನೇಗಾದ್ರೂ ಗೊತ್ತಾಯ್ತಾ, ಅವರು ಯಾಕೆ ಒಡುದಾಡಿದ್ರು ಅಂತ?"

"ಅರ್ಧ ಗೊತ್ತಾಗಿದೆ ಕಣಮ್ಮ."

"ಮಿಕ್ಕರ್ಧ?"

"ನಾಳೆಯಿಂದ ಹೊಸ ಮೇಷ್ಟ್ರು ಬರ್ತಾರೆ. ಅವರು ಹೇಳ್ತಾರೆ."

ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಗುತ್ತಾ ಹೊರಬಂದೆ. ತಮಾಷೆಗೆ ಹೇಳಿದ್ದು. ಮಕ್ಕಳು ನಕ್ಕರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಮಾರನೆಯ ದಿನ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಫೋನ್ ಬಂತು. ನನ್ನ ಜಾಗಕ್ಕೆ ಬಂದಿದ್ದ ಪ್ರದೀಪ ಎಂಬ ಹೊಸ ಹುಡುಗ.

"ಮೇಡಂ, ಕ್ಲಾಸಿಂದಲೇ ಮಾಡ್ತಾ ಇದೀನಿ, ತಪ್ಪು ತಿಳ್ಕೋಬೇಡಿ. ಮಕ್ಕಳು ಮಿಕ್ಕರ್ಧ ಹೇಳಿ ಅಂತ ಕೂತಿದಾರೆ. ನೀವು ಎಲ್ಲಿಗೆ ನಿಲ್ಲಿಸಿದ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಅವನು ಗಾಬರಿಯಿಂದ ಕಾಯುತ್ತಿದ್ದ. ಪಾಪ ಎನ್ನಿಸಿತು.

"ಪ್ರದೀಪ, ನಿಮಗೆ ಗೊತ್ತಿದೆಯಾ?"

"ಪುಸ್ತಕದಲ್ಲಿರೋದು ಗೊತ್ತು ಮೇಡಂ. ಅದನ್ನ ಹೇಳಿದೆ. ಅದು ಮೊದಲನೇ ಅರ್ಧ ಅಂತಾರೆ."

"ಸರಿ. ನಿಮ್ಮಲ್ಲಿ ಯಾರಾದ್ರೂ ಸ್ನೇಹಿತರ ಜೊತೆ ಮಾತು ಬಿಟ್ಟಿದೀರಾ, ಯಾಕೆ ಬಿಟ್ರಿ ಅಂತ ಕೇಳಿ. ಕೇಳಿ ಸುಮ್ಮನೆ ಕೂತ್ಕೊಳಿ. ಮಧ್ಯೆ ಬಾಯಿ ಹಾಕಬೇಡಿ."

"ಅಷ್ಟೇನಾ ಮೇಡಂ?"

"ಅಷ್ಟೇ. ಸುಮ್ಮನೆ ಕೂರೋದೇ ಕಷ್ಟ, ನೋಡ್ತಿರಿ."

ಅವನು ಕೇಳಿದ್ದು ನನಗೆ ಕೇಳಿಸಿತು. ಆಮೇಲೆ ಒಂದು ಹುಡುಗಿಯ ಸಣ್ಣ ದನಿ. ಅದರ ಮೇಲೆ ಇನ್ನೊಂದು, "ನೀನೇ ಮೊದ್ಲು ಅಂದಿದ್ದು ಕಣೆ." ಅದರ ಮೇಲೆ ಒಬ್ಬ ಹುಡುಗ. ಒಂದು ನಗು. ಬೆಂಚು ಎಳೆದ ಸದ್ದು. ನೋಡುನೋಡುತ್ತಿದ್ದಂತೆ ಇಡೀ ತರಗತಿ ಒಟ್ಟಿಗೆ ಮಾತಿಗೆ ನಿಂತಿತು. ಪ್ರದೀಪ ಫೋನ್ ಇಡುವುದನ್ನೇ ಮರೆತಿದ್ದ. ನಾನೂ ನೆನಪು ಮಾಡಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಅವರೆಕಾಯಿ ಮೊರದ ಅಂಚಿಗೆ ಒರಗಿಸಿ, ಆ ಗಲಾಟೆಯನ್ನು ಕೇಳುತ್ತಾ, ಅರಕಲಗೂಡಿನಲ್ಲಿ ಗಂಟೆ ಹೊಡೆಯುವವರೆಗೂ ಕಾಯಿ ಸುಲಿದೆ.